ಒಂಬತ್ತನೆಯ ಫ್ಯೂಸು

ಗಂಗೆ ಚೀಲವನ್ನು ತಲೆಕೆಳಗು ಮಾಡಿ ಕೊಡವಿದಳು. ಇಕ್ಕಳ, ಒಂದು ಸುತ್ತು ತಂತಿ, ಅರ್ಧ ಕಟ್ಟು ಬೀಡಿ, ಅದರ ಹಿಂದೆಯೇ ಬಿಳಿ ಪಿಂಗಾಣಿಯ ಫ್ಯೂಸುಗಳು ಜಗಲಿಯ ಮೇಲೆ ಬಿದ್ದವು. ಒಂದು ಫ್ಯೂಸು ಪುಟಿದು, ಮೆಟ್ಟಿಲಿಳಿದು, ಅಂಗಳದಲ್ಲಿ ಮಲಗಿಸಿದ್ದ ಹೆಣದ ಚಾಪೆಗೆ ತಾಗಿ ನಿಂತಿತು. ನೆರೆದಿದ್ದ ಗಂಡಸರ ಕಣ್ಣೆಲ್ಲ ಅದರ ಹಿಂದೆಯೇ ಹೋಯಿತು. ಸಿದ್ದಾಪುರದ ಆಸ್ಪತ್ರೆಯಿಂದ ಹೆಣ ಬಂದು ಒಂದು ತಾಸಾಗಿತ್ತು. ಆ ಒಂದು ತಾಸಿನಲ್ಲಿ ಯಾರೂ ಅದರ ಕಡೆಗೆ ಅಷ್ಟು ಅಕ್ಕರೆಯಿಂದ ನೋಡಿರಲಿಲ್ಲ.

"ಒಂಬತ್ತಿದೆ," ಎಂದಳು ಗಂಗೆ. "ಕೇರಿಯಲ್ಲಿರೂದೂ ಒಂಬತ್ತೇ ಪಂಪು. ಅವರವರದ್ದು ಗುರ್ತು ಹೇಳಿ ತಗಳಿ. ಒಬ್ಬೊಬ್ರೇ ಬರ್ಬೇಕು, ಸಾಹೇಬ್ರ ಎದುರಿಗೇ."

ಹೆಣ ಅವಳ ಗಂಡ ಮಂಜನದು. ಮನ್ಮನೆಯಿಂದ ಆಚೆ ಹಳ್ಳದ ದಂಡೆಗಿರುವ ಈ ಕೇರಿಗೆ ಅವನೇ ಲೈನ್‌ಮನ್. ನಿನ್ನೆ ಹನ್ನೊಂದು ಗಂಟೆಗೆ ಕಂಬ ಹತ್ತಿ, ಕರೆಂಟಿಲ್ಲವೆಂದು ನಂಬಿದ ತಂತಿಯನ್ನು ಹಿಡಿದು ಸತ್ತಿದ್ದ. ಸಾಹೇಬರೆಂದರೆ ಕರೆಂಟು ಕಂಪನಿಯ ಶಾಖಾಧಿಕಾರಿ. ಹಲಸಿನ ಮರದ ನೆರಳಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ತೊಡೆಯ ಮೇಲೆ ರಟ್ಟಿನ ಹಲಗೆ ಇಟ್ಟುಕೊಂಡು ಕೂತಿದ್ದರು. ಸಂಜೆಯೊಳಗೆ ಅವರು ವರದಿ ಕಳಿಸಬೇಕಿತ್ತು.

ಆ ವರದಿಯ ಮಾತನ್ನು ಅವರು ನಿನ್ನೆ ಆಸ್ಪತ್ರೆಯ ಬಾಗಿಲಲ್ಲೇ ಗಂಗೆಗೆ ಹೇಳಿದ್ದರು. ಮಂಜ ಸಬ್‌ಸ್ಟೇಷನ್ನಿಗೆ ಫೋನು ಮಾಡಿ ಪೂರ್ತಿ ಲೈನು ಬಂದ್ ಮಾಡಿಸದೆ ಕಂಬ ಹತ್ತಿದ್ದಾನೆ. ಅಷ್ಟನ್ನೇ ಬರೆದರೆ ತಪ್ಪು ಅವನದೇ, ತಪ್ಪು ಮಾಡಿ ಸತ್ತವನ ಮಕ್ಕಳಿಗೆ ಕೆಲಸವಿಲ್ಲ. ಆದರೆ ಯಾರದೋ ಪಂಪಿನಿಂದ ಕಳ್ಳ ಕರೆಂಟು ತಿರುಗಿ ಬಂದು ಹೊಡೆಯಿತೆಂದು, ಆ ಪಂಪಿನವನ ಹೆಸರು ಸಮೇತ ಬರೆಯುವಂತಾದರೆ, ಮಗಳು ತನುಜಾಗೆ ಸಿದ್ದಾಪುರದ ಕಚೇರಿಯಲ್ಲಿ ಒಂದು ಕುರ್ಚಿ ಸಿಗುತ್ತದೆ. ತನುಜಾ ಪಿಯುಸಿ ಪಾಸಾಗಿ ಎರಡು ವರ್ಷದಿಂದ ಮನೆಯಲ್ಲಿದ್ದಳು. ಒಂದು ಹೆಸರು ಬೇಕು, ಅಷ್ಟೇ. ಗಂಗೆ ರಾತ್ರಿಯೆಲ್ಲ ಅಳುವುದನ್ನು ನಡುನಡುವೆ ನಿಲ್ಲಿಸಿ ಆ ಹೆಸರನ್ನು ಹುಡುಕಿದ್ದಳು. ಅದಕ್ಕೆ ಅವಳಿಗೆ ನಾಚಿಕೆಯೂ ಆಗಿತ್ತು.

ಫ್ಯೂಸು ಕಂಡರೂ ಯಾರೂ ಮುಂದೆ ಬರಲಿಲ್ಲ. ಮಂಜನ ಅಣ್ಣ ನಾಗಪ್ಪ ಗಂಟಲು ಸರಿಮಾಡಿಕೊಂಡು, ಹೆಣ ಏಳುವ ಮೊದಲು ಸೂತಕದ ಮನೆಯಿಂದ ಒಂದು ಕಡ್ಡಿಯನ್ನೂ ಹೊರಗೆ ಒಯ್ಯುವ ಕ್ರಮವಿಲ್ಲವೆಂದ. ಎಲ್ಲರೂ ದೇವಕ್ಕನ ಮುಖ ನೋಡಿದರು. ದೇವಕ್ಕನಿಗೆ ಎಂಬತ್ತು ದಾಟಿತ್ತು. ಕೇರಿಯ ಮಡಿ ಮೈಲಿಗೆಯ ವಿಚಾರದಲ್ಲಿ ಅವಳ ಮಾತೇ ಕಡೆಯದು. ಅವಳು ಹೆಣವನ್ನೂ ನೋಡಿದಳು, ಫ್ಯೂಸನ್ನೂ ನೋಡಿದಳು.

"ಕೊಟ್ಟದ್ದನ್ನ ವಾಪಸು ತಗಳ್ಳೂಕೆ ಎಂತ ಮೈಲಿಗೆ? ಪಿಂಗಾಣಿಗೆ ಸೂತಕ ಹಿಡಿಯೂದಿಲ್ಲ," ಎಂದಳು. ಅವಳ ಮೊಮ್ಮಗನದೂ ಒಂದು ಪಂಪಿತ್ತು.

*

ಮಂಜ ಇಪ್ಪತ್ತರ ವಯಸ್ಸಿಗೆ, ತಂತಿಗೆ ತಾಗುವ ಟೊಂಗೆ ಕಡಿಯುವ ದಿನಗೂಲಿಯವನಾಗಿ ಸೇರಿದವನು. ಹನ್ನೆರಡು ವರ್ಷ ಟೊಂಗೆ ಕಡಿದ ಮೇಲೆ ಖಾಯಂ ಆದ. ಜೋಗದಲ್ಲಿ ಹುಟ್ಟಿದ ಕರೆಂಟು ಈ ಕಾಡನ್ನೇ ಸೀಳಿಕೊಂಡು ದೊಡ್ಡ ದೊಡ್ಡ ಟವರಿನ ಮೇಲೆ ಎಲ್ಲಿಗೋ ಹೋಗುತ್ತಿತ್ತು. ಕೇರಿಗೆ ಸಿಗುತ್ತಿದ್ದುದು ಉಂಡು ಬಿಟ್ಟ ಎಂಜಲು. ಪಂಪು ತಿರುಗಲು ಮೂರು ತಂತಿಯಲ್ಲೂ ಕರೆಂಟು ಬೇಕು. ಅದು ದಿನಕ್ಕೆ ಆರು ತಾಸು ಎಂದು ಹೆಸರು, ಬರುತ್ತಿದ್ದುದು ನಾಲ್ಕು. ಉಳಿದ ಹೊತ್ತು ಎರಡೇ ತಂತಿ, ಮನೆಯ ದೀಪಕ್ಕೆ ಮಾತ್ರ. ಪಂಪಿನ ಕರೆಂಟಿಗೆ ಬಿಲ್ಲಿಲ್ಲ. ಪುಕ್ಕಟೆ ಮಾಡಿದ ಸರಕಾರ ಹೋಯಿತು, ಅದರ ಮೇಲೆ ಬಂದದ್ದೂ ಹೋಯಿತು, ಪುಕ್ಕಟೆಯನ್ನು ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಆದರೆ ಪುಕ್ಕಟೆ ಸಿಗುವುದು ಯಾರಿಗೂ ಸಾಲುವುದಿಲ್ಲ.

ಆಗ ಬಂತು ಕಂಡೆನ್ಸರ್. ಶಿರಸಿ ಪೇಟೆಯಲ್ಲಿ ಸಿಗುವ, ಒಂದು ಚೊಂಬಿನಷ್ಟು ದೊಡ್ಡ ಡಬ್ಬಿ. ಅದನ್ನು ಜೋಡಿಸಿದರೆ ಮೂರು ತಂತಿಯ ಪಂಪು ಎರಡೇ ತಂತಿಯಲ್ಲಿ ತಿರುಗುತ್ತದೆ. ಕಾನೂನಿನಲ್ಲಿ ಅದು ಕಳವು. ಕೇರಿಯಲ್ಲಿ ಅದನ್ನು ಹಿಡಿದುಕೊಡಬೇಕಾದವನು ಮಂಜ, ಒಂಬತ್ತು ಪಂಪಿಗೂ ಜೋಡಿಸಿಕೊಟ್ಟವನೂ ಮಂಜನೇ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಹೀಗೆ. ಆದರೆ ಈ ಬೇಲಿಗೆ ಸಿಕ್ಕಿದ ಮೇವು ಬಹಳ ಇಲ್ಲ. ಒಬ್ಬರು ಕೋಳಿ ಕೊಟ್ಟರು, ಒಬ್ಬರು ಹಳೆಯ ಸೈಕಲ್ಲಿನ ಚಕ್ರ ಕೊಟ್ಟರು, ಗಣಪ ಹೆಗಡೆ ಒಂದು ಲೋಟ ಚಹಾ ಕೊಟ್ಟು ಬೆನ್ನು ತಟ್ಟಿದರು. ಇಲ್ಲವೆನ್ನಲು ಬಾರದ ಬಾಯಿ ಅವನದು. ಗಂಗೆ ಅದನ್ನು ಮದುವೆಯಾದ ಎಂಟನೆಯ ದಿನಕ್ಕೇ ಕಂಡುಕೊಂಡಿದ್ದಳು, ಆಮೇಲೆ ಇಪ್ಪತ್ತು ವರ್ಷ ಆಡಿಕೊಂಡಿದ್ದಳು.

ಕಂಡೆನ್ಸರಿಗೆ ಒಂದು ಕೆಟ್ಟ ಗುಣವಿದೆ. ಎರಡು ತಂತಿಯ ಮೇಲೆ ತಿರುಗುವ ಪಂಪು, ಸತ್ತು ಬಿದ್ದಿರುವ ಮೂರನೆಯ ತಂತಿಗೆ ತಾನೇ ಕರೆಂಟು ತಳ್ಳುತ್ತದೆ. ಕಂಬದ ಮೇಲಿರುವವನಿಗೆ ಅದು ಕಾಣುವುದಿಲ್ಲ. ಒಮ್ಮೆ ಮಂಜನನ್ನು ಹಾಗೇ ಎತ್ತಿ ಎಸೆದಿತ್ತು. ಗದ್ದೆಯ ಕೆಸರಿಗೆ ಬಿದ್ದು ಬದುಕಿದ, ಎಡಗೈಯ ಎರಡು ಬೆರಳು ಮಾತ್ರ ಮರಗಟ್ಟಿಹೋದವು. ಮಾಡಿದ್ದುಣ್ಣೋ ಮಹರಾಯ ಎಂದು ಕೇರಿ ನಕ್ಕಿತು.

ಅವತ್ತಿನಿಂದ ಅವನು ಒಂದು ಕ್ರಮ ಮಾಡಿಕೊಂಡ. ಕಂಬ ಹತ್ತುವ ಮೊದಲು ಒಂಬತ್ತೂ ಪಂಪುಮನೆಗೆ ಹೋಗಿ ಒಂದೊಂದು ಫ್ಯೂಸು ಕಿತ್ತು ಚೀಲಕ್ಕೆ ಹಾಕಿಕೊಳ್ಳುವುದು, ಇಳಿದ ಮೇಲೆ ಮನೆಮನೆಗೆ ಹೋಗಿ ಹಿಂದೆ ಕೊಡುವುದು. ಫ್ಯೂಸು ಇಲ್ಲದ ಪಂಪು ತಿರುಗುವುದಿಲ್ಲ. ಸಬ್‌ಸ್ಟೇಷನ್ನಿಗೆ ಹೇಳಿ ಲೈನು ಬಂದ್ ಮಾಡಿಸಿದರೆ ಎರಡು ತಾಸು ಕೇರಿಯ ಮಿಕ್ಸಿ, ಟಿವಿ ಎಲ್ಲ ನಿಲ್ಲುತ್ತದೆ, ಬೈಗುಳ ಇವನಿಗೆ. ಅದಕ್ಕೆ ಟ್ರಾನ್ಸ್‌ಫಾರ್ಮರಿನಲ್ಲಿ ಬೇಕಾದ ಒಂದೇ ತಂತಿಯನ್ನು ಕಡಿದು, ಉಳಿದೆರಡನ್ನು ಮನೆಗಳಿಗೆ ಬಿಟ್ಟು, ಫ್ಯೂಸಿನ ಚೀಲ ಹೆಗಲಿಗೆ ಹಾಕಿಕೊಂಡು ಹತ್ತುತ್ತಿದ್ದ. ಯಾರ ಮನೆಯ ದೀಪವನ್ನೂ ಆರಿಸದ ಲೈನ್‌ಮನ್ ಎಂದು ಅವನಿಗೆ ಹೆಸರು. ಯಾವಾಗಲೂ ಮೊದಲು ಕೀಳುತ್ತಿದ್ದುದು ತನ್ನ ಮನೆಯ ಪಂಪಿನ ಫ್ಯೂಸು. ಬೇರೆಯವರ ಹತ್ತಿರ ಕೇಳುವ ಮೊದಲು ನಮ್ಮದನ್ನು ಕಿತ್ತಿಟ್ಟುಕೊಂಡಿರಬೇಕು ಎನ್ನುತ್ತಿದ್ದ.

*

ಮೊದಲು ಬಂದವನು ನಾಗಪ್ಪ. ನೀಲಿ ದಾರ ಕಟ್ಟಿದ್ದು ತನ್ನದೆಂದು ಎತ್ತಿಕೊಂಡ. ದೇವಕ್ಕನ ಮೊಮ್ಮಗ ಮೊಳೆಯಿಂದ ಗೀಚಿದ್ದನ್ನು ತೆಗೆದುಕೊಂಡ. ಒಬ್ಬರ ಹಿಂದೆ ಒಬ್ಬರು ಬಂದು, ಹೆಣಕ್ಕೆ ಒಂದು ಕೈಮುಗಿದು, ಫ್ಯೂಸು ತೆಗೆದು ಜೇಬಿಗೆ ಹಾಕಿಕೊಂಡು ಹೋದರು. ದೇವಸ್ಥಾನದಲ್ಲಿ ಪ್ರಸಾದಕ್ಕೆ ಸಾಲು ನಿಂತಂತಿತ್ತು. ಶಾಖಾಧಿಕಾರಿ ಪ್ರತಿಯೊಬ್ಬರ ಹೆಸರಿನ ಮುಂದೆ ಒಂದು ಗೀಟು ಹಾಕಿದರು.

ಗಂಗೆಯ ಕಣ್ಣಿದ್ದುದು ಗಣಪ ಹೆಗಡೆಯ ಮೇಲೆ. ಕೇರಿಯಲ್ಲಿ ದೊಡ್ಡ ಪಂಪು ಅವರದು, ಹತ್ತು ಹಾರ್ಸ್‌ಪವರಿನದು. ಮನೆಯಲ್ಲಿ ಎಲ್ಲದಕ್ಕೂ ಒಂದು ಹೆಚ್ಚುವರಿ ಇಟ್ಟುಕೊಳ್ಳುವ ಜನ. ಒಂದು ಫ್ಯೂಸು ಮಂಜನ ಕೈಗೆ ಕೊಟ್ಟು ಅವನ ಬೆನ್ನು ತಿರುಗುತ್ತಲೇ ಇನ್ನೊಂದನ್ನು ಸಿಕ್ಕಿಸುವುದು ಅವರಿಗೆ ಏನೂ ಕಷ್ಟವಲ್ಲ. ಹಸಿರು ಬಣ್ಣ ಬಳಿದ ಫ್ಯೂಸನ್ನು ಅವರು ಎರಡು ಬೆರಳಲ್ಲಿ ಎತ್ತಿದರು.

"ನಂದೂ ಇದ್ದಲ್ಲ ಗಂಗೆ," ಎಂದರು. "ಒಂಬತ್ತೂ ಅವನ ಚೀಲದಲ್ಲೇ ಇತ್ತು ಅಂದ್ಮೇಲೆ ಯಾರ ಪಂಪು ತಿರುಗ್ತು ಹೇಳು? ಅವನ ಆಯುಷ್ಯ ಅಷ್ಟೇ ಇತ್ತು. ಸುಮ್ನೆ ಯಾರ ಮೇಲಾದ್ರೂ ಹೇಳ್ಲಾಗ."

"ಒಂದು ಕೊಟ್ಟು ಇನ್ನೊಂದು ಸಿಕ್ಸಿದ್ರೆ, ಹೆಗ್ಡೇರೆ?"

"ಹಂಗಾದ್ರೆ ನಮ್ಮನೆ ಪಂಪುಮನೆಗೇ ಹೋಗಿ ನೋಡ್ಲಿ. ಬೀಗ ಇಲ್ಲೆ."

ಅವರ ಮುಖದಲ್ಲಿ ಅಂಜಿಕೆ ಕಾಣಲಿಲ್ಲ. ಅದರಿಂದ ಗಂಗೆಯ ಸಂಶಯ ಹೆಚ್ಚೇ ಆಯಿತು.

ಜಗಲಿ ಖಾಲಿಯಾಯಿತು. ಉಳಿದದ್ದು ಹೆಣದ ಚಾಪೆಗೆ ತಾಗಿ ಬಿದ್ದದ್ದು ಒಂದೇ. ಅದಕ್ಕೆ ಯಾರೂ ಕೈಹಾಕಲಿಲ್ಲ, ಹಾಕಬೇಕಾಗಿಯೂ ಇರಲಿಲ್ಲ. ಅದರ ಬೆನ್ನಿಗೆ ಉಗುರಿನ ಬಣ್ಣದ ಕೆಂಪು ಚುಕ್ಕಿಯಿತ್ತು. ತನುಜಾ ಇಟ್ಟದ್ದು. ಗಂಗೆ ಮೆಟ್ಟಿಲಿಳಿದು ಹೋಗಿ ಅದನ್ನೆತ್ತಿ ಅಂಗೈಯಲ್ಲಿ ಇಟ್ಟುಕೊಂಡಳು. ಬಗ್ಗಿದಾಗ ಗಂಡನ ಎಡಗೈ ಕಂಡಿತು. ಮರಗಟ್ಟಿದ ಎರಡು ಬೆರಳು ಮಾತ್ರ ಸುಡದೆ ಹಾಗೇ ಇದ್ದವು.

ನಾಗಪ್ಪ ಅವಳನ್ನು ಬಾವಿಕಟ್ಟೆಯ ಕಡೆಗೆ ಕರೆದ. ಚುನಾವಣೆಗೆ ಇನ್ನು ಎಂಟು ದಿನ ಇತ್ತು. ಒಂದು ಪಕ್ಷದ ಜೀಪು ಬೆಳಗ್ಗೆಯೇ ಹಾರ ತಂದು ಹೆಣಕ್ಕೆ ಹಾಕಿತ್ತು.  ಇನ್ನೊಂದು ಪಕ್ಷದವರು ಅದಕ್ಕಿಂತ ದಪ್ಪದ್ದನ್ನು ತರಲು ಸಿದ್ದಾಪುರಕ್ಕೆ ಓಡಿದ್ದರು. ಪಂಪಿಗೆ ಮೀಟರು ಕೂರಿಸಲು ಬಿಡುವುದಿಲ್ಲವೆಂದು ಇಬ್ಬರೂ ಮಾತು ಕೊಟ್ಟಿದ್ದರು. ನಾಗಪ್ಪನ ಹೆದರಿಕೆಯೂ ಅದೇ.

"ನೀ ಒಂದು ಹೆಸರು ಹೇಳಿದ್ರೆ ನಾಳೆ ಕಳ್ಳ ಕರೆಂಟು ಹಿಡಿಯೂ ಸ್ಕ್ವಾಡಿನವ್ರು ಬರ್ತಾರೆ," ಎಂದ. "ಒಂಬತ್ತೂ ಕಂಡೆನ್ಸರ್ ಸಿಗ್ತದೆ. ಕೇರಿಗೇ ಮೀಟರು ಬೀಳ್ತದೆ. ತಲೆ ತಿರುಗಿ ಬಿದ್ರು ಅಂತ ಬರ್ಸು. ಕೂಸನ್ನ ನಾವೆಲ್ಲ ನೋಡ್ಕಳ್ತೇವೆ."

"ಹೆಂಗೆ ನೋಡ್ಕಳ್ತಿರಿ ಭಾವ? ಹಬ್ಬಕ್ಕೊಂದ್ಸಲ ಬಂದು ನೋಡಿ ಹೋಗ್ತಿರ?"

ಗಂಗೆಗೆ ಅಷ್ಟರಲ್ಲಿ ಒಂದು ದಾರಿ ಹೊಳೆದಿತ್ತು. ಇಪ್ಪತ್ತು ವರ್ಷ ಲೈನ್‌ಮನ್ನನ ಹೆಂಡತಿಯಾಗಿದ್ದವಳು ಅವಳು. ಕೇರಿಯ ಒಂಬತ್ತು ಪಂಪಿಗೂ ಕರೆಂಟು ಬಂದ ಕೂಡಲೇ ತಾನಾಗಿ ಶುರುವಾಗುವ ಆಟೋ ಸ್ವಿಚ್ಚಿದೆ, ಅದೂ ಮಂಜನೇ ಹಾಕಿಕೊಟ್ಟದ್ದು. ನಿನ್ನೆಯಿಂದ ಕೇರಿಗೆ ಕರೆಂಟಿಲ್ಲ. ಎಂಟು ಫ್ಯೂಸು ಗಂಡಸರ ಜೇಬಿನಲ್ಲಿವೆ, ಒಂಬತ್ತನೆಯದು ತನ್ನ ಕೈಯಲ್ಲಿದೆ. ಯಾರೂ ಪಂಪುಮನೆಗೆ ಹೋಗದ ಹಾಗೆ ನೋಡಿಕೊಂಡು ಈಗ ಕರೆಂಟು ಬಿಟ್ಟರೆ, ಯಾವ ಪಂಪು ತಿರುಗುತ್ತದೋ ಅದೇ ಕೊಂದದ್ದು.

ಅವಳು ಇದನ್ನು ಅಂಗಳದ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು. ಗಂಡಸರೆಲ್ಲ ಹೆಣದ ಜೊತೆಗೇ ಹೋಗಬೇಕು, ಜೊತೆಗೇ ಇರಬೇಕು. ಹೆಂಗಸರು ಅಂಗಳ ಬಿಟ್ಟು ಏಳಬಾರದು. ಕಿಚ್ಚಿಟ್ಟ ಮೇಲೆ ಬೀರ ಹೋಗಿ ಕರೆಂಟು ಬಿಡಬೇಕು.

ಬೀರ ಪಕ್ಕದ ಊರಿನ ಲೈನ್‌ಮನ್, ಮಂಜನ ಜೊತೆಗೇ ಟೊಂಗೆ ಕಡಿಯಲು ಸೇರಿದವನು. ಸುಟ್ಟ ತಂತಿಯನ್ನು ಬೆಳಗ್ಗೆಯೇ ಕಟ್ಟಿ ಮುಗಿಸಿದ್ದ. ಶಾಖಾಧಿಕಾರಿ ಒಂದು ಗಳಿಗೆ ಯೋಚಿಸಿ ಆಗಲಿ ಎಂದರು. ಸಂಜೆ ಮನ್ಮನೆಯಲ್ಲಿ ಮೈಕಿನ ಸಭೆಯಿದೆ, ಅಷ್ಟರೊಳಗೆ ಕರೆಂಟು ಬೇಕೆಂದು ಜೀಪಿನವರು ಅವರ ಜೀವ ತಿನ್ನುತ್ತಿದ್ದರು. ಹಳ್ಳದಲ್ಲಿ ನೀರಿಲ್ಲ, ಪಂಪಿನ ಗುಂಡಿಯಲ್ಲಿ ಮಾತ್ರ ಇದೆ, ಹೆಣ ಸುಟ್ಟವರು ಮೀಯುವುದಕ್ಕಾದರೂ ಒಂದು ಪಂಪು ತಿರುಗಬೇಕಲ್ಲ ಎಂದು ಯಾರೋ ಹೇಳಿದರು. ಹಾಗೆ ಹೇಳಿದವನಿಗೂ ತನ್ನ ಮಾತು ಕೇಳಿ ಮುಖ ಸಣ್ಣದಾಯಿತು.

ಆಗ ತನುಜಾ ಎದ್ದು ನಿಂತಳು.

ನಿನ್ನೆಯಿಂದ ಅವಳು ಅತ್ತಿರಲಿಲ್ಲ, ಒಂದು ಮಾತೂ ಆಡಿರಲಿಲ್ಲ. ಕೆಳತುಟಿ ಸೀಳಿ ಕಪ್ಪಗಾಗಿತ್ತು. ದುಃಖಕ್ಕೆ ಕಚ್ಚಿಕೊಂಡಿದ್ದಾಳೆಂದು ಹೆಂಗಸರು ಅರಿಸಿನ ಹಚ್ಚಿದ್ದರು. ರಾತ್ರಿ ಎರಡು ಸಲ ಬಾಗಿಲು ತೆಗೆದು ಹೊರಗೆ ಹೊರಟವಳನ್ನು ದೇವಕ್ಕ ಹಿಡಿದು ಕೂರಿಸಿದ್ದಳು. ಈಗ ಅವಳು ಯಾರನ್ನೂ ನೋಡದೆ, "ನಾ ಗದ್ದೆಗೆ ಹೋಗಿ ಬರ್ತೆ," ಎಂದಳು. "ಶುಂಠಿ ನೋಡಿ ಬರ್ತೆ."

ಅಂಗಳ ದಂಗಾಯಿತು. ಅಪ್ಪನ ಹೆಣ ಅಂಗಳದಲ್ಲಿ, ಮಗಳಿಗೆ ಶುಂಠಿಯ ಚಿಂತೆ. ಎಂತಹ ಕಾಲ ಬಂತೆಂದು ಒಬ್ಬಳು ಸೆರಗು ಬಾಯಿಗಿಟ್ಟುಕೊಂಡಳು. ಗಂಗೆಗೆ ತಲೆ ಕೆಟ್ಟುಹೋಯಿತು. ತಾನು ಯಾರಿಗಾಗಿ ಇಷ್ಟೆಲ್ಲ ಮಾಡುತ್ತಿದ್ದೇನೋ ಅವಳೇ ಹೀಗೆ ಎಲ್ಲರೆದುರು ಮಾನ ಕಳೆದರೆ ಹೇಗೆ. ಮಗಳ ಕೆನ್ನೆಗೆ ಬಾರಿಸಿದಳು. ಫ್ಯೂಸು ಅದೇ ಕೈಯಲ್ಲಿತ್ತು, ಕೆನ್ನೆಯ ಮೂಳೆಗೆ ತಾಗಿ ಟಕ್ಕೆಂದಿತು.

"ಕೂತ್ಕ," ಎಂದಳು. "ಶುಂಠಿ ಸುಟ್ಟು ಹೋಗ್ಲಿ."

ತನುಜಾ ಕೂತಳು.

*

ಹೆಣ ಎದ್ದಿತು. ಜೇಬಿನಲ್ಲಿ ಫ್ಯೂಸು ಹಾಕಿಕೊಂಡೇ ನಾಲ್ವರು ಹೆಗಲು ಕೊಟ್ಟರು. ಗಂಡುಮಕ್ಕಳಿಲ್ಲದ ಮಂಜನಿಗೆ ಕಿಚ್ಚಿಡಬೇಕಾದವನು ನಾಗಪ್ಪನ ಮಗ ಪ್ರಮೋದ. ಅವನು ಬೆಂಕಿಯ ಗಡಿಗೆ ಹಿಡಿದು ಮುಂದೆ ನಡೆದ. ದಪ್ಪ ಹಾರದವರು ದಾರಿಯಲ್ಲಿ ಸಿಕ್ಕಿ, ನಡೆಯುತ್ತಿದ್ದ ಹೆಣಕ್ಕೇ ಹಾರ ಹಾಕಿ, ನಾಲ್ಕು ಹೆಜ್ಜೆ ಜೊತೆಗೆ ಹೋಗಿ ಹಿಂತಿರುಗಿದರು. ಮಂಜನ ಬದುಕಿನಲ್ಲಿ ಒಂದೇ ದಿನ ಎರಡು ಹಾರ ಬಿದ್ದದ್ದು ಅದೇ ಮೊದಲು. ಮದುವೆಯಲ್ಲೂ ಒಂದೇ ಇತ್ತು.

ಅಂಗಳದಲ್ಲಿ ದೇವಕ್ಕ ಗಂಗೆಯ ಬಳೆ ಒಡೆದಳು. ಗಂಗೆ ಕೈ ಚಾಚಿದ್ದಳೇ ಹೊರತು ಅವಳ ಗಮನ ಅಲ್ಲಿರಲಿಲ್ಲ. ಕಿವಿಯೆಲ್ಲ ಹಳ್ಳದ ಕಡೆಗಿತ್ತು. ಮೇಲಿನ ಕಡೆ, ತೋಟಗಳ ಬುಡಕ್ಕೆ, ಎಂಟು ಪಂಪುಮನೆಗಳು ಸಾಲಾಗಿವೆ. ಕೆಳಗೆ ಹಳ್ಳ ತಿರುಗುವಲ್ಲಿ ಸುಡುಗಾಡು. ಅದರ ಪಕ್ಕದಲ್ಲಿ ಗಂಗೆಯವರದೇ ಶುಂಠಿಯ ಗದ್ದೆ. ಶಾಖಾಧಿಕಾರಿ ಕುರ್ಚಿಯಲ್ಲಿ ಕೂತಲ್ಲೇ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು.

ಕೆಳಗೆ ಹೊಗೆ ಎದ್ದಿತು. ಸ್ವಲ್ಪ ಹೊತ್ತಿಗೆ ಮನೆಯೊಳಗೆ ಹಗಲಲ್ಲೇ ದೀಪ ಹತ್ತಿಕೊಂಡಿತು. ನಿನ್ನೆ ಆರಿಸದೆ ಬಿಟ್ಟದ್ದು.

"ಕರೆಂಟು ಬಂತು," ಎಂದಳು ಒಬ್ಬಳು.

ಹೆಗಡೆಯ ಪಂಪಿನ ಕಡೆಯಿಂದ ಸದ್ದಿಲ್ಲ. ನಾಗಪ್ಪನದಿಲ್ಲ. ದೇವಕ್ಕನ ಮೊಮ್ಮಗನದಿಲ್ಲ. ಗಂಗೆ ಕಾದಳು. ಆಮೇಲೆ ಎಲ್ಲೋ ಒಂದು ಪಂಪು ಮೂರು ಸಲ ಕೆಮ್ಮಿ, ಹಿಡಿದುಕೊಂಡು, ಒಂದೇ ಸಮನೆ ತಿರುಗತೊಡಗಿತು.

ಗಂಗೆಗೆ ಮೊದಲು ಆದದ್ದು ಸಂತೋಷ. ಸಿಕ್ಕಿದ ಎಂದುಕೊಂಡಳು. ತಲೆಯೆತ್ತಿ ಶಾಖಾಧಿಕಾರಿಯನ್ನೂ ನೋಡಿದಳು. ಆಮೇಲೆ ಗೊತ್ತಾಯಿತು, ಸದ್ದು ಬರುತ್ತಿರುವುದು ಮೇಲಿನಿಂದಲ್ಲ, ಕೆಳಗಿನಿಂದ. ಮೂರು ಸಲ ಕೆಮ್ಮಿ ಹಿಡಿದುಕೊಳ್ಳುವ ಪಂಪು ಕೇರಿಯಲ್ಲಿ ಒಂದೇ. ಒಂಬತ್ತು ವರ್ಷದಿಂದ ಅದರ ಕೆಮ್ಮು ಕೇಳಿಕೊಂಡೇ ಅವಳು ಚಹಾಕ್ಕೆ ನೀರಿಟ್ಟಿದ್ದಳು.

ಅಂಗೈ ಬಿಚ್ಚಿ ನೋಡಿದಳು. ಕೆಂಪು ಚುಕ್ಕಿಯ ಫ್ಯೂಸು ಅಲ್ಲೇ ಇತ್ತು.

*

ನಿನ್ನೆ ಹತ್ತು ಗಂಟೆಯ ಹೊತ್ತಿಗೆ ಗಂಗೆ ಒಲೆಯ ಮುಂದಿದ್ದಳು. ಹಸಿ ಕಟ್ಟಿಗೆ, ಹೊಗೆ, ಕಣ್ಣಲ್ಲಿ ನೀರು. ಯುಗಾದಿ ಕಳೆದ ಮೇಲೆ ನೆಟ್ಟ ಶುಂಠಿ ಆಗಷ್ಟೇ ಮೊಳಕೆ ಎತ್ತುತ್ತಿತ್ತು, ಎರಡು ದಿನದಿಂದ ಅದಕ್ಕೆ ನೀರಿಲ್ಲ. ನೀರು ಬಿಡಲು ಕಳಿಸಿದ್ದ ಮಗಳು ಬರಿಗೈಯಲ್ಲಿ ಬಂದು ಬಾಗಿಲಿಗೆ ಒರಗಿ ನಿಂತಳು. ಪಂಪು ತಿರುಗುವುದಿಲ್ಲ, ಅಪ್ಪ ಫ್ಯೂಸು ಕಿತ್ತುಕೊಂಡು ಹೋಗಿದ್ದಾನೆ ಎಂದಳು.

ಗಂಗೆ ತಿರುಗಿಯೂ ನೋಡಲಿಲ್ಲ. ಊದುಗೊಳವೆ ಬಾಯಿಂದ ತೆಗೆದು ಹೇಳಿದಳು.

"ನಿಮ್ಮಪ್ಪ ಊರಿಗೆಲ್ಲ ಉಪಕಾರ ಮಾಡಿ ಬರೂವರೆಗೆ ಶುಂಠಿ ಕಾಯ್ತದಾ? ಲೈನ್‌ಮನ್ನನ ಮಗಳಾಗಿ ಫ್ಯೂಸಿನ ಜಾಗಕ್ಕೆ ಒಂದು ತಂತಿ ಸಿಕ್ಸೂಕೆ ಬರೂದಿಲ್ವಾ ನಿಂಗೆ? ನೀರು ಬಿಡ್ದೆ ಮನೆಗೆ ಬರ್ಬೇಡ."

ಮತ್ತೆ ಒಲೆ ಊದಿದಳು. ಹೊಗೆ ಹೋಗಿ ಬೆಂಕಿ ಹತ್ತುವಷ್ಟರಲ್ಲಿ ಆ ಮಾತು ಅವಳಿಗೆ ಮರೆತೇ ಹೋಗಿತ್ತು. ದಿನಕ್ಕೆ ಹತ್ತು ಸಲ ಆಡುವಂಥ ಮಾತು. ತಂತಿಯ ಮೇಲಿನ ರಬ್ಬರನ್ನು ಅಪ್ಪ ಹಲ್ಲಿನಿಂದಲೇ ಸುಲಿಯುತ್ತಿದ್ದುದನ್ನು ಮಗಳು ಚಿಕ್ಕವಳಿದ್ದಾಗಿನಿಂದ ನೋಡಿಕೊಂಡೇ ಬೆಳೆದಿದ್ದಳು.

*

ಶಾಖಾಧಿಕಾರಿ ಎದ್ದು ನಿಂತಿದ್ದರು. ಟ್ರಾನ್ಸ್‌ಫಾರ್ಮರಿನ ಕಡೆಯಿಂದ ಬೀರ ಬಂದ. ಅವನು ಅಂಗಳದ ಅಂಚಿನಲ್ಲೇ ನಿಂತುಬಿಟ್ಟ.

"ಯಾರದಪ್ಪ ಅದು?" ಎಂದು ಶಾಖಾಧಿಕಾರಿ ಅವನನ್ನು ಕೇಳಿದರು.

ಬೀರ ಗಂಗೆಯ ಕೈ ನೋಡಿದ, ನೆಲ ನೋಡಿದ. ಗಂಗೆ ಮಗಳ ಕಡೆಗೆ ತಿರುಗಿದಳು. ತನುಜಾ ಗೋಡೆಗೆ ಒರಗಿ ಕೂತಿದ್ದಳು. ಕೆನ್ನೆಯ ಮೇಲೆ ಫ್ಯೂಸಿನ ಅಂಚು ಮೂಡಿತ್ತು. ಸೀಳಿದ ತುಟಿ ಅಲುಗುತ್ತಿತ್ತು, ಇನ್ನೊಂದು ಗಳಿಗೆಗೆ ಬಾಯಿ ತೆರೆದು ಹೇಳಿಬಿಡುವ ಹಾಗಿತ್ತು. ಗಂಗೆ ಅದಕ್ಕೆ ಅವಕಾಶ ಕೊಡಲಿಲ್ಲ.

"ನಮ್ದೇ ಸಾಹೇಬ್ರೆ," ಎಂದಳು. "ಅವ್ರೇ ತಂತಿ ಸಿಕ್ಸಿಟ್ಟು ಹೋಗಿದ್ರು. ಶುಂಠಿಗೆ ನೀರಾಗ್ಲಿ, ಯಾರಿಗೂ ಗೊತ್ತಾಗೂದಿಲ್ಲ ಅಂತ ನಂಗೆ ಹೇಳಿದ್ರು. ಊರವ್ರ ಫ್ಯೂಸು ಕಿತ್ತು, ತಮ್ಮ ಪಂಪು ಮಾತ್ರ ತಿರುಗೂಕೆ ಬಿಟ್ಕಂಡಿದ್ರು. ನಾ ಬೇಡ ಅಂದಿದ್ದೆ. ಅವ್ರದ್ದೇ ತಪ್ಪು ಅಂತ ಬರ್ಕಳಿ."

ಅಂಗಳದಲ್ಲಿ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಂಜನಾ, ಎಂದರು. ನಂಬಿಕೊಂಡಿದ್ದೆವಲ್ಲ, ಎಂದರು. ಆಡುತ್ತ ಆಡುತ್ತ ಅವರ ಮುಖ ಸಡಿಲವಾಯಿತು, ಯಾರ ಗಂಡನ ಹೆಸರೂ ಬರಲಿಲ್ಲ, ಯಾರ ಪಂಪಿಗೂ ಮೀಟರು ಬರುವುದಿಲ್ಲ. ಎರಡು ಹಾರ ಹಾಕಿಸಿಕೊಂಡು ಹೋದವನು ಸುಡುಗಾಡಿನಲ್ಲಿ ಪೂರ್ತಿ ಬೇಯುವ ಮೊದಲೇ ಕೇರಿಯಲ್ಲಿ ಕಳ್ಳನಾದ. ಯಾರ ಮನೆಯ ದೀಪವನ್ನೂ ಆರಿಸದ ಲೈನ್‌ಮನ್ ಎಂದು ಇನ್ನು ಯಾರೂ ಹೇಳುವುದಿಲ್ಲವೆಂದು ಗಂಗೆಗೆ ಗೊತ್ತಿತ್ತು. ಬೀರ ಮಾತ್ರ ಟವಲಿನಿಂದ ಮುಖ ಮುಚ್ಚಿಕೊಂಡು ಹಲಸಿನ ಮರದ ಆಚೆಗೆ ಹೋದ. ಮಂಜ ಎಂಥವನೆಂದು ಅವನಿಗೆ ಗೊತ್ತಿತ್ತು.

ಶಾಖಾಧಿಕಾರಿಗೂ ಹಗುರವಾಯಿತು. ಸತ್ತವನ ಮೇಲೆ ಬರೆಯುವಷ್ಟು ಸುಲಭದ ವರದಿ ಬೇರೆಯಿಲ್ಲ. ಬೇಗಬೇಗ ಬರೆದು, ಓದಿ ಹೇಳಿದರು. ಮೃತನು ನಿಯಮ ಮೀರಿ, ತನ್ನದೇ ಪಂಪಿಗೆ ಅಕ್ರಮವಾಗಿ ವಿದ್ಯುತ್ ಬಳಸಿಕೊಂಡು, ತನ್ನದೇ ನಿರ್ಲಕ್ಷ್ಯದಿಂದ ಸತ್ತಿದ್ದಾನೆ ಎಂದಿತ್ತು. ಮಗಳ ಕೆಲಸದ ವಿಷಯ ಇನ್ನು ಎತ್ತಬಾರದು ಎಂದು ಮೆಲ್ಲಗೆ ಸೇರಿಸಿದರು. ಗಂಗೆ ಗೋಣು ಹಾಕಿದಳು. ಸಹಿ ಮಾಡಲು ಪೆನ್ನು ಕೊಟ್ಟಾಗ ಬಲಗೈಯಲ್ಲಿದ್ದ ಫ್ಯೂಸನ್ನು ಎಡಗೈಗೆ ದಾಟಿಸಿಕೊಂಡಳು.

ಸಾಹೇಬರ ಕಾರು ಹೋಯಿತು. ಪಂಪು ತಿರುಗುತ್ತಲೇ ಇತ್ತು. ನೀರು ದಂಡವಾಗಿ ಹೋಗುತ್ತಿದೆ, ಯಾರಾದರೂ ಹೋಗಿ ಬಂದ್ ಮಾಡಬಾರದೇ ಎಂದು ದೇವಕ್ಕ ಗೊಣಗಿದಳು. ತನುಜಾ ಗೋಡೆ ಹಿಡಿದುಕೊಂಡು ಎದ್ದಳು.

"ಕೂತ್ಕ," ಎಂದಳು ಗಂಗೆ. "ಕುಡೀಲಿ ಶುಂಠಿ."

ಅಂಗಳದ ಅಂಚಿನಿಂದ ಹಳ್ಳದ ತಿರುವು ಕಾಣುತ್ತಿತ್ತು. ಶುಂಠಿಯ ಏರಿಗಳ ನಡುವೆ ನೀರು ತುಂಬಿ ಹೊಳೆಯುತ್ತಿತ್ತು. ಕಿಚ್ಚಿಟ್ಟು ಮುಗಿಸಿದ ಗಂಡಸರು ಅಂಗಿ ಬಿಚ್ಚಿ ಬೇಲಿಯ ಮೇಲೆ ಹಾಕಿ, ಗದ್ದೆಯ ತಲೆಗಿದ್ದ ಪಂಪಿನ ಪೈಪಿಗೆ ಒಬ್ಬೊಬ್ಬರಾಗಿ ತಲೆ ಕೊಡುತ್ತಿದ್ದರು. ಬಿಸಿಲಿಗೆ ನೀರು ತಂಪಾಗಿದ್ದಿರಬೇಕು. ಒಬ್ಬರೂ ಬೇಗ ಏಳುತ್ತಿರಲಿಲ್ಲ.